ಕಾಮಾಲೆ ಮದ್ದಿನ ರತ್ನಕ್ಕ

ಚೆನ್ನೈಯ ತಿರುವೊಟ್ಟಿಯೂರಿನಲ್ಲಿ ರೈಲು ಹಳಿಯ ಆಚೆಗಿನ ಬೀದಿಗಳಲ್ಲಿ ರತ್ನಾವತಿಯ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ‘ಮಂಜಕಾಮಾಲೈ ಅಮ್ಮಾ’, ಕಾಮಾಲೆಯ ಅಮ್ಮ, ಎಂದರೆ ಇಸ್ತ್ರಿ ಗಾಡಿಯವನೂ ಕೈ ಚಾಚಿ ತೋರಿಸುತ್ತಿದ್ದ. ನಗರದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಅವಳು ಮದ್ದಿನ ರತ್ನಕ್ಕ. ದೇವಸ್ಥಾನದ ರಸ್ತೆಯ ಒಂದು ಹೋಟೆಲಿನಲ್ಲಿ ತರಕಾರಿ ಹೆಚ್ಚಿ, ಚಟ್ನಿಗೆ ಅರೆದು ಕೊಡುವುದು ಅವಳ ಹೊಟ್ಟೆಪಾಡಿನ ಕೆಲಸ. ಅಲ್ಲಿಗೆ ಹೋಗುವ ಮೊದಲು, ಬೆಳಿಗ್ಗೆ ಆರರಿಂದ ಏಳರವರೆಗೆ, ಹಳದಿ ಕಣ್ಣಿನವರು ಅವಳ ಬಾಗಿಲಲ್ಲಿ ಬಂದು ಕೂರುತ್ತಿದ್ದರು.

ಮದ್ದು ಎಂದರೆ ನೆಲನೆಲ್ಲಿ. ಮಳೆ ಬಿದ್ದರೆ ಹಳಿಯ ಪಕ್ಕದ ಖಾಲಿ ಜಾಗದಲ್ಲೆಲ್ಲ ಅದು ಏಳುತ್ತಿತ್ತು. ಬೇಸಿಗೆಗೆಂದು ಅವಳು ಮಹಡಿಯ ಮೇಲೆ ಒಡೆದ ಬಕೆಟುಗಳಲ್ಲಿ ಬೆಳೆಸಿಕೊಂಡಿದ್ದಳು. ಬೇರುಸಹಿತ ಕಿತ್ತು, ಮಣ್ಣು ತೊಳೆದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕೊಡುವುದು. ಮೂರು ವಾರ ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಗಂಜಿಯೂಟ. ದುಡ್ಡು ಮುಟ್ಟುತ್ತಿರಲಿಲ್ಲ. ಅಣ್ಣಾ ನಗರದ ಹೋಟೆಲೊಂದರಲ್ಲಿ ಸಿಹಿತಿಂಡಿ ಮಾಡುವ ರಾಘವೇಂದ್ರ, ಕಾಮಾಲೆಯಾಗಿ ಅರಿಸಿನದಲ್ಲಿ ಅದ್ದಿ ತೆಗೆದವನ ಹಾಗೆ ಬಂದವನು ಇಪ್ಪತ್ತು ದಿನದಲ್ಲಿ ಎದ್ದು ಜಿಲೇಬಿ ಸುತ್ತತೊಡಗಿದ ಮೇಲೆ ಅವಳ ಹೆಸರು ಊರೆಲ್ಲ ಹಬ್ಬಿತು. ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಮೂರು ವಾರಕ್ಕೆ ಇಳಿಯುತ್ತದೆ ಎಂದು ಅವಳಿಗೆ ಆಗ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿದ್ದಳೋ ಇಲ್ಲವೋ. ಕೊರೋನಾ ಬಂದಾಗ ಚೆನ್ನೈಯ ಬೀದಿಬೀದಿಯಲ್ಲಿ ಸರ್ಕಾರದವರೇ ಕಷಾಯ ಹಂಚಿದ್ದನ್ನು ಕಂಡ ಮೇಲಂತೂ ಅವಳ ಧೈರ್ಯ ಇನ್ನಷ್ಟು ಬಲಿಯಿತು.

ಈ ವಿದ್ಯೆ ಅವಳಿಗೆ ತಾಯಿಯಿಂದ ಬಂದದ್ದು. ಉಡುಪಿ ಕಡೆಯ ಸಾಲಿಗ್ರಾಮದ ಹತ್ತಿರದ ಹಳ್ಳಿಯಲ್ಲಿ ಅವಳ ತಾಯಿಯೂ ಹೀಗೆಯೇ ಮದ್ದು ಕೊಡುತ್ತಿದ್ದಳು. ನಲವತ್ತಮೂರಕ್ಕೆ ತಾಯಿಯ ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾಯಿತು, ಒಂದು ದಿನ ರಕ್ತ ವಾಂತಿ ಮಾಡಿಕೊಂಡು ಹೋದಳು. ಹಳ್ಳಿಯವರು ಜಲೋದರ ಎಂದರು. ಆಗಲೇ ಮದರಾಸಿನ ಅಡುಗೆಯವ ಜಯರಾಮನನ್ನು ಮದುವೆಯಾಗಿ ಬಂದಿದ್ದ ರತ್ನಾವತಿ, ತಾಯಿಯ ಕ್ರಿಯಾಕರ್ಮ ಮುಗಿಸಿ, ಹದಿನೇಳು ವರ್ಷದ ತಮ್ಮ ವಿಶ್ವನಾಥನನ್ನು ತನ್ನ ಜೊತೆಗೇ ಕರೆತಂದಳು. ಜಯರಾಮ ಹೃದಯಾಘಾತದಿಂದ ತೀರಿಕೊಂಡಾಗ ಅವಳಿಗೆ ಮೂವತ್ತು ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ಆಮೇಲೆ ಅವಳಿಗೆ ಇದ್ದವನು ತಮ್ಮನೊಬ್ಬನೇ. ಅವನನ್ನು ಓದಿಸಿದಳು, ಅಣ್ಣಾ ನಗರದ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿಸಿದಳು, ಊರ ಕಡೆಯ ತುಂಗಾಳನ್ನು ತಂದು ಮದುವೆ ಮಾಡಿದಳು. ಅವನು ಅಲ್ಲೇ ಮ್ಯಾನೇಜರ್ ಆದ. ಮಗಳು ಸಮೀಕ್ಷಾ ಹುಟ್ಟಿದಳು. ಮನೆ ಒಂದೇ, ಒಲೆ ಒಂದೇ. ಮೇಲಿನ ಒಂಟಿ ಕೋಣೆ ರತ್ನಾವತಿಯದು.

ವಿಶ್ವನಾಥನಿಗೆ ನಲವತ್ತನಾಲ್ಕು ನಡೆಯುತ್ತಿದ್ದ ವರ್ಷ, ಹರ್ನಿಯಾ ಆಪರೇಷನ್ನಿಗೆಂದು ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ. ಸಕ್ಕರೆ ಕಾಯಿಲೆ ಅವನಿಗೆ ಏಳೆಂಟು ವರ್ಷದಿಂದ ಇತ್ತು, ಅದು ಗೊತ್ತಿದ್ದದ್ದೇ. ಆ ಸಲ ಬೇರೊಂದು ಸಿಕ್ಕಿತು. ಅವತ್ತು ಸಂಜೆ ಅವನು ನೇರ ಮಹಡಿ ಹತ್ತಿ ಬಂದು, ಬಾಗಿಲು ಅರ್ಧ ಮುಚ್ಚಿ, ಅಕ್ಕನ ಮಂಚದ ತುದಿಯಲ್ಲಿ ಕುಳಿತ.

“ಅಕ್ಕಾ, ನಂಗೆ ಹೆಪಟೈಟಿಸ್ ಬಿ ಅಂತೆ. ಲಿವರಿಗೆ ಹಿಡಿಯುವ ವೈರಸ್ಸು. ರೊಂಬ ವರ್ಷದಿಂದ ಇರಬೇಕು ಅಂದ್ರು.”

“ಕಣ್ಣು ಹಳದಿ ಇಲ್ಲ ಅಲ್ದಾ? ಮತ್ತೆಂತ ಕಾಯಿಲೆ?”

“ಹೊರಗೆ ಕಾಣುದಿಲ್ವಂತೆ. ಒಳಗೇ ತಿಂತಾ ಇರ್ತದಂತೆ. ದಿನಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ವರ್ಷಗಟ್ಟಲೆ ತಕೊಳ್ಬೇಕು, ಬಹುಶಃ ಸಾಯುವವರೆಗೆ.” ಅವನು ತಲೆ ತಗ್ಗಿಸಿದ. “ಹೆಂಡತಿಗೂ ಮಗಳಿಗೂ ಟೆಸ್ಟ್ ಮಾಡ್ಸಿ ಅಂದ್ರು. ನಾ ಹೇಂಗೆ ಹೇಳುದು? ಈ ಕಾಯಿಲೆ ಹೇಂಗೆ ಬರ್ತದೆ ಅಂತ ಗೂಗಲ್ ಮಾಡಿದ್ರೆ ಅವಳು ಎಂತ ತಿಳ್ಕೊಳ್ಳುದು? ನಾ ಅಂಥವ ಅಲ್ಲ, ಅಕ್ಕಾ. ನಿಂಗೆ ಗೊತ್ತು.”

“ಛೇ, ನಂಗೆ ಗೊತ್ತಿಲ್ದಾ.”

“ಹೋಟೆಲಲ್ಲಿ ಗೊತ್ತಾದ್ರೆ ಅಷ್ಟೇ. ಊಟದಿಂದ ಹರಡುದಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಆದ್ರೆ ಓನರಿಗೆ ಅದು ಅರ್ಥ ಆಗ್ತದಾ?”

ರತ್ನಾವತಿ ತಮ್ಮನ ಬೆನ್ನ ಮೇಲೆ ಕೈಯಿಟ್ಟಳು. ಲಿವರಿನ ಕಾಯಿಲೆ ಎಂದರೆ ಅವಳ ಕೈಗೆ ಸಿಕ್ಕಿದ ಕಾಯಿಲೆ. ಊರಿನವರ ಮಕ್ಕಳೆಲ್ಲ ಇಲ್ಲಿ ಬಂದು ಗುಣವಾಗಿ ಹೋಗಿರುವಾಗ ತನ್ನ ತಮ್ಮನಿಗೆ ಆಗದೇ ಇರುತ್ತದೆಯೇ? “ಯಾರಿಗೂ ಹೇಳುದು ಬೇಡ” ಎಂದಳು. “ನಾಳೆ ಬೆಳಿಗ್ಗೆಯಿಂದ ನಾ ಮದ್ದು ಕೊಡ್ತೆ. ಕಾಂಬ.”

ಹಾಗೆ ಅದು ಅಕ್ಕ ತಮ್ಮನ ಗುಟ್ಟಾಯಿತು. ಆಸ್ಪತ್ರೆಯ ಮಾತ್ರೆಯ ಡಬ್ಬಿ ಕೂಡ ಮಹಡಿಯ ಕೋಣೆಯಲ್ಲೇ, ಅವಳ ಟ್ರಂಕಿನಲ್ಲಿ ಇತ್ತು. ಬೆಳಿಗ್ಗೆ ಅವನು ‘ನಡೆದು ಬರ್ತೇನೆ’ ಎಂದು ಹೆಂಡತಿಗೆ ಹೇಳಿ ಮೇಲೆ ಬರುತ್ತಿದ್ದ. ಮೊದಲು ಮದ್ದಿನ ಮಜ್ಜಿಗೆ, ಅರ್ಧ ಗಂಟೆ ಬಿಟ್ಟು ಮಾತ್ರೆ. ಸಕ್ಕರೆಗೂ ಇದು ಒಳ್ಳೆಯದು ಎಂದು ಯಾರೋ ಅಂದರು ಎಂದು ಪ್ರಮಾಣವನ್ನೂ ಒಂದಿಷ್ಟು ಹೆಚ್ಚಿಸಿದಳು. ತುಂಗಾ ಒಂದೆರಡು ಸಲ, “ಎಂತ ಅತ್ತಿಗೆ, ತಮ್ಮನಿಗೆ ಮಾತ್ರ ಸ್ಪೆಷಲ್ ಮಜ್ಜಿಗೆಯಾ?” ಎಂದು ನಕ್ಕಿದ್ದಳು. “ಸಕ್ಕರೆಗೆ” ಎಂದು ರತ್ನಾವತಿ ತೇಲಿಸಿಬಿಟ್ಟಳು. ಒಂದು ಸುಳ್ಳು ಹೇಳಿದ ಮೇಲೆ ಮುಂದಿನದು ಸಲೀಸಾಯಿತು.

ಆರು ತಿಂಗಳಾದ ಮೇಲೆ ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದರು. ವಿಶ್ವನಾಥ ಅವತ್ತು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿಬಂದ.

“ಅಕ್ಕಾ! ವೈರಸ್ಸು ರಕ್ತದಲ್ಲಿ ಕಾಣುದೇ ಇಲ್ವಂತೆ! ಕಾಣ್, ಇಲ್ಲಿ ಬರೆದಿದ್ದಾರೆ.”

ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಕಾಗದ ಹಿಡಿದು ಬೆಳಕಿಗೆ ತಂದು ನೋಡಿದಳು. ತಮ್ಮ ಅಂದ ಮಾತು ಅವಳ ಕಿವಿಯಲ್ಲಿ ಬಹಳ ದಿನ ಉಳಿಯಿತು: “ಇದು ನಿನ್ನ ಮದ್ದು, ಅಕ್ಕಾ. ಬರೀ ಮಾತ್ರೆಯಿಂದ ಇಷ್ಟು ಬೇಗ ಆಗುದುಂಟಾ?”

ಮಾತ್ರೆ ವೈರಸ್ಸನ್ನು ಒತ್ತಿ ಹಿಡಿದಿದೆ, ಓಡಿಸಿಲ್ಲ ಎಂದು ಆಸ್ಪತ್ರೆಯವರು ಅವನಿಗೆ ಹೇಳಿದ್ದರಂತೆ. ಆ ಮಾತನ್ನು ಅವನು ಅಕ್ಕನಿಗೆ ದಾಟಿಸಲಿಲ್ಲ. ಬಹುಶಃ ತಾನೂ ಕೇಳಿಸಿಕೊಂಡಿರಲಿಲ್ಲ. ಸ್ವಲ್ಪ ದಿನ ಕಳೆದು, ಒಂದು ಬೆಳಿಗ್ಗೆ, ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಅವನು ಹೇಳಿದ:

“ಈ ಮಾತ್ರೆ ಕಿಡ್ನಿಗೆ ಹೊಡೀತದೆ ಅಂತ ಎಲ್ಲ ಕಡೆ ಬರೆದಿದ್ದಾರೆ. ನಂಗೆ ಶುಗರ್ ಬೇರೆ. ಸಾಕು ಅನ್ಸ್ತದೆ. ನೀ ಎಂತ ಹೇಳ್ತಿ?”

ರತ್ನಾವತಿ ಅರೆಯುವ ಕಲ್ಲು ತೊಳೆಯುತ್ತಿದ್ದಳು. ಕೈ ನಿಲ್ಲಲಿಲ್ಲ. ಬಿಡು ಎಂದೂ ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ. “ನಿಂಗೆ ಹೇಂಗೆ ತೋರ್ತದೋ ಹಾಂಗೆ” ಎಂದಳು. ಒಳಗೆ ಏನೋ ಒಂದು ಸಣ್ಣ ಹೆಮ್ಮೆ ಬಾಲ ಅಲ್ಲಾಡಿಸಿತು. ಅಷ್ಟೇ. ಮರುದಿನದಿಂದ ಅವನು ಟ್ರಂಕು ತೆರೆಯಲಿಲ್ಲ. ಆಸ್ಪತ್ರೆಯ ತಾರೀಖು ಬಂತು, ಹೋಯಿತು. ಅವನು ಹೋಗಲಿಲ್ಲ. ಡಬ್ಬಿಯಲ್ಲಿ ಮಾತ್ರೆಗಳು ಹಾಗೆಯೇ ಇರುವುದನ್ನು ಅವಳು ಸೀರೆ ತೆಗೆಯುವಾಗಲೆಲ್ಲ ಕಾಣುತ್ತಿದ್ದಳು. ಕೊನೆಗೆ ಡಬ್ಬಿಯ ಮೇಲೆ ಒಂದು ಟವೆಲು ಹಾಸಿಬಿಟ್ಟಳು.

ಐದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಅವನಿಗೆ ಊಟ ಸೇರದಾಯಿತು. ಮೆಟ್ರೋ ಇಳಿದು ಮನೆಗೆ ನಡೆದು ಬರುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಒಂದು ಬೆಳಿಗ್ಗೆ ಬಾಗಿಲ ಬೆಳಕಿಗೆ ಮುಖ ತಿರುಗಿಸಿದಾಗ ರತ್ನಾವತಿಗೆ ಅವನ ಕಣ್ಣಿನ ಬಿಳಿಯಲ್ಲಿ ಹಳದಿ ಕಂಡಿತು. ಎಷ್ಟು ಜನರ ಕಣ್ಣಲ್ಲಿ ಅದನ್ನು ಕಂಡಿದ್ದಳೋ ಲೆಕ್ಕವಿಲ್ಲ. ಕಂಡು ಹೆದರಿದ್ದು ಮಾತ್ರ ಅದೇ ಮೊದಲು.

“ಆಸ್ಪತ್ರೆಗೆ ಹೋಗುವ” ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಮದ್ದಿನ ಪ್ರಮಾಣ ಎರಡರಷ್ಟು ಮಾಡಿದಳು. ಬೆಳಿಗ್ಗೆ ಒಂದು, ಸಂಜೆ ಒಂದು. ಗಂಜಿಯ ಪಥ್ಯ. ಕಾಮಾಲೆಯಲ್ಲಿ ಮೊದಲ ವಾರ ಏರುವುದು, ಆಮೇಲೆ ಇಳಿಯುವುದು ಅವಳು ಕಂಡ ಕ್ರಮ. ಹನ್ನೊಂದು ದಿನ ಕಾದಳು. ಹಳದಿ ಇಳಿಯಲಿಲ್ಲ, ಕಣ್ಣಿನಿಂದ ಮುಖಕ್ಕೆ, ಮುಖದಿಂದ ಅಂಗೈಗೆ ಬಂತು. ಮೈಯೆಲ್ಲ ತುರಿಸಿ ತುರಿಸಿ ಗೀರಾಯಿತು. ತುಂಗಾ ದಿನವೂ ಕೇಳಿದಳು, “ಡಾಕ್ಟ್ರ ಹತ್ತಿರ ತೋರಿಸುವನಾ ಅತ್ತಿಗೆ?” “ಬರೀ ಕಾಮಾಲೆ. ನಾ ನೋಡ್ಕೊಳ್ತೆ” ಎಂದು ರತ್ನಾವತಿ ದಿನವೂ ಉತ್ತರಿಸಿದಳು. ಎಷ್ಟೋ ಮಂದಿಯನ್ನು ಗುಣಪಡಿಸಿದ ಅತ್ತಿಗೆಯ ಮಾತನ್ನು ತುಂಗಾ ನಂಬಿದಳು.

ಹನ್ನೆರಡನೆಯ ದಿನ ಮಧ್ಯಾಹ್ನ ಸಮೀಕ್ಷಾ ರತ್ನಾವತಿಯ ಹೋಟೆಲಿಗೇ ಓಡಿಬಂದಳು. ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹೆಚ್ಚಾಗಿ ತಮಿಳೇ.

“ಅತ್ತೈ, ಸೀಕ್ರಂ ವಾಂಗೊ, ಬೇಗ! ಅಪ್ಪಾ ಏದೇದೋ ಪೇಸ್ರಾರು, ಏನೇನೋ ಮಾತಾಡ್ತಾರೆ. ನನ್ನನ್ನೇ ಯಾರು ಅಂತ ಕೇಳ್ತಾರೆ!”

ಮನೆಗೆ ಬಂದು ನೋಡಿದರೆ ವಿಶ್ವನಾಥ ಅಂಗಿಯ ಗುಂಡಿಗಳನ್ನು ಹಾಕುತ್ತ ಬಿಚ್ಚುತ್ತ ಕುಳಿತಿದ್ದ. ಅಕ್ಕನನ್ನು ಕಂಡು, “ಅಮ್ಮಾ, ಎಷ್ಟೊತ್ತಿಗೆ ಬಂದೆ?” ಎಂದ.

ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಒಯ್ದರು. ಲಿವರ್ ವಾರ್ಡಿನ ಡಾಕ್ಟರ್ ನಲವತ್ತರ ಒಳಗಿನ ಹೆಂಗಸು, ಮೆತ್ತಗೆ ಮಾತಾಡುವವಳು. ಹಳೆಯ ದಾಖಲೆ ಕಂಪ್ಯೂಟರಿನಲ್ಲಿ ಸಿಕ್ಕಿತು. ಅವಳು ತಮಿಳಿನಲ್ಲಿ ಕೇಳಿದಳು, “ಹೆಪಟೈಟಿಸ್ ಬಿಗೆ ಮಾತ್ರೆ ಕೊಟ್ಟಿದ್ದೆವು. ಐದಾರು ತಿಂಗಳಿಂದ ಬಂದೇ ಇಲ್ಲ. ನಿಲ್ಲಿಸಿದ್ದರಾ?”

ತುಂಗಾ ಬಾಯಿ ತೆರೆದು ನಿಂತಳು. “ಎಂತ ಮಾತ್ರೆ? ಯಾವ ಬಿ?”

ಡಾಕ್ಟರ್ ರತ್ನಾವತಿಯ ಕಡೆ ತಿರುಗಿದಳು. ರತ್ನಾವತಿ ಅಡ್ಡಡ್ಡ ತಲೆಯಾಡಿಸಿದಳು. “ನಂಗೆ ಗೊತ್ತಿಲ್ಲ” ಎಂದಳು. ನಾಡಮದ್ದು ಏನಾದರೂ ಕೊಟ್ಟಿದ್ದೀರಾ ಎಂಬ ಪ್ರಶ್ನೆಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. ಅದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. “ಕೀಳಾನೆಲ್ಲಿ” ಎಂದು ನೆಲನೆಲ್ಲಿಯ ತಮಿಳು ಹೆಸರು ಹೇಳಿದಳು.

ಡಾಕ್ಟರ್ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. “ಆ ಗಿಡದ ಮೇಲೆ ವರ್ಷಗಳ ಹಿಂದೆ ತುಂಬ ಸಂಶೋಧನೆ ಆಗಿದೆಯಮ್ಮಾ” ಎಂದಳು. “ಪ್ರಯೋಗಶಾಲೆಯಲ್ಲಿ ಈ ವೈರಸ್ಸಿನ ಮೇಲೆ ಏನೋ ಕೆಲಸ ಮಾಡುವ ಹಾಗೆ ಕಂಡಿತ್ತು. ಎಲ್ಲರಿಗೂ ಆಸೆ ಬಂದಿತ್ತು. ರೋಗಿಗಳಿಗೆ ಕೊಟ್ಟು ನೋಡಿದಾಗ ನಂಬುವಂಥ ಗುಣ ಸಿಗಲಿಲ್ಲ. ಇವರಿಗೆ ಹೀಗಾದದ್ದು ಗಿಡದಿಂದ ಅಂತ ನಾನು ಹೇಳುತ್ತಿಲ್ಲ. ಮಾತ್ರೆ ನಿಂತಾಗ ಅದುಮಿಟ್ಟ ವೈರಸ್ಸು ಒಮ್ಮೆಲೇ ಎದ್ದಿದೆ. ಕಣ್ಣು ಹಳದಿಯಾದ ದಿನವೇ ಬಂದಿದ್ದರೆ ನಮಗೆ ಇನ್ನೂ ಸ್ವಲ್ಪ ದಾರಿ ಇರುತ್ತಿತ್ತು.”

ಮಾತ್ರೆ ಮತ್ತೆ ಶುರು ಮಾಡಿದರು. ಆದರೆ ಲಿವರ್ ಕೈಬಿಟ್ಟಿತ್ತು. ಬೇರೆ ಲಿವರ್ ಜೋಡಿಸುವುದೊಂದೇ ಉಳಿದ ದಾರಿ ಎಂದರು. ಸತ್ತವರದು ಸಿಗುವುದಕ್ಕೆ ಸರದಿ ಇದೆ. ಹತ್ತಿರದ ಸಂಬಂಧಿಕರು ಒಂದು ಭಾಗ ಕೊಡಬಹುದು. ತುಂಗಾ, ಸಮೀಕ್ಷಾ ಇಬ್ಬರ ರಕ್ತವನ್ನೂ ನೋಡಿದರು. ದೇವರ ದಯೆ, ಇಬ್ಬರಿಗೂ ಸೋಂಕು ತಗಲಿರಲಿಲ್ಲ. ಆದರೆ ಇಬ್ಬರದೂ ರಕ್ತದ ಗುಂಪು ಹೊಂದಲಿಲ್ಲ. ರತ್ನಾವತಿಯದು ತಮ್ಮನ ಗುಂಪೇ.

“ನನ್ನದು ತಕೊಳ್ಳಿ” ಎಂದಳು ಅವಳು. “ಅರ್ಧ ಅಲ್ಲ, ಇಡೀ ತಕೊಳ್ಳಿ.”

ವಯಸ್ಸು ನಲವತ್ತೊಂಬತ್ತು, ನೋಡೋಣ ಎಂದು ರಕ್ತ ತೆಗೆದುಕೊಂಡರು, ಸ್ಕ್ಯಾನ್ ಮಾಡಿದರು. ಆ ಒಂದು ದಿನ ಅವಳು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತು, ಹರಕೆಯ ಹಾಗೆ, ನನ್ನದು ಆಗಲಿ, ನನ್ನದು ಆಗಲಿ ಎಂದು ಬೇಡುತ್ತಲೇ ಇದ್ದಳು. ತಪ್ಪಿಗೆ ಇಷ್ಟು ಸುಲಭದ ಪರಿಹಾರ ಸಿಕ್ಕೀತು ಎಂದು ಅವಳಿಗೆ ನಿಜಕ್ಕೂ ಅನ್ನಿಸಿತ್ತು.

ಮರುದಿನ ಡಾಕ್ಟರ್ ಅವಳನ್ನು ಒಬ್ಬಳನ್ನೇ ಒಳಗೆ ಕರೆದು ಕೂರಿಸಿದಳು.

“ನಿಮ್ಮಿಂದ ತೆಗೆದುಕೊಳ್ಳಲು ಆಗುವುದಿಲ್ಲಮ್ಮಾ. ನಿಮ್ಮ ರಕ್ತದಲ್ಲೂ ಅದೇ ವೈರಸ್ ಇದೆ. ನಿಮ್ಮ ಲಿವರ್ ಕೂಡ ಆಗಲೇ ಗಟ್ಟಿಯಾಗತೊಡಗಿದೆ. ನೀವೂ ಇನ್ನು ದಿನಾ ಮಾತ್ರೆ ತೆಗೆದುಕೊಳ್ಳಬೇಕು.”

ರತ್ನಾವತಿಗೆ ಅರ್ಥವಾಗಲಿಲ್ಲ. “ನಂಗೆ ಯಾರಿಂದ ಬರುದು?”

“ನಿಮ್ಮ ತಾಯಿ ಇದ್ದಾರಾ?”

“ಇಲ್ಲ. ನಲವತ್ತಮೂರಕ್ಕೇ ಹೋದ್ರು. ಹೊಟ್ಟೆ ಉಬ್ಬಿ, ರಕ್ತ ಕಾರಿ…”

ವಾಕ್ಯ ಮುಗಿಯುವ ಮೊದಲೇ ಅವಳಿಗೆ ಎಲ್ಲ ತಿಳಿಯಿತು. ಡಾಕ್ಟರ್ ಮೆತ್ತಗೆ ವಿವರಿಸಿದಳು: ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಇದು ದಾಟುತ್ತದೆ, ಹಾಗೆ ಬಂದದ್ದು ಹತ್ತಾರು ವರ್ಷ ಸದ್ದಿಲ್ಲದೆ ಕೂತಿರುತ್ತದೆ. ಈಗಿನ ಮಕ್ಕಳಿಗೆ ಲಸಿಕೆ ಇದೆ, ಆಗ ಇರಲಿಲ್ಲ. ತಾಯಿಯ ತಪ್ಪಲ್ಲ, ನಿಮ್ಮ ತಮ್ಮನ ತಪ್ಪೂ ಅಲ್ಲ. ರತ್ನಾವತಿ ಕೇಳಿಸಿಕೊಳ್ಳುತ್ತ ಕುಳಿತಳು. ಊರಿಗೆಲ್ಲ ಲಿವರಿನ ಮದ್ದು ಕೊಟ್ಟ ತಾಯಿ ಲಿವರ್ ಕೆಟ್ಟು ಸತ್ತಿದ್ದಳು. ದಿನವೂ ಆ ಗಿಡವನ್ನು ಅರೆದು, ಕೈಗೆ ಹತ್ತಿದ್ದನ್ನು ನೆಕ್ಕಿ, ಮಳೆಗಾಲದಲ್ಲಿ ತಾನೂ ವಾರಗಟ್ಟಲೆ ಕುಡಿಯುತ್ತಿದ್ದಳು ಅಮ್ಮ. ಹೆಂಡತಿ ತಪ್ಪು ತಿಳಿದಾಳೆಂದು ತಮ್ಮ ಬಾಯಿ ಮುಚ್ಚಿಕೊಂಡಿದ್ದ. ಆದರೆ ಅವನು ನಾಚಿಕೊಳ್ಳಬೇಕಾದ್ದು ಏನೂ ಇರಲೇ ಇಲ್ಲ.

ಅವನಿಗೆ ಅದನ್ನು ಹೇಳೋಣವೆಂದು ಅವಳು ಮಂಚದ ಬಳಿ ಹೋಗಿ ಕಿವಿಯ ಹತ್ತಿರ ಬಗ್ಗಿದಳು. “ವಿಶ್ವಾ, ಇದು ಅಮ್ಮನಿಂದ ಬಂದದ್ದಂತೆ ಮಾರಾಯಾ. ನಿಂದೆಂತ ತಪ್ಪಿಲ್ಲ.” ಅವನು ಕಣ್ಣು ತೆರೆಯಲಿಲ್ಲ. ಸರದಿ ಬರಲಿಲ್ಲ. ಎರಡು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ ವಿಶ್ವನಾಥ ತೀರಿಕೊಂಡ.

ಕಾರ್ಯಗಳೆಲ್ಲ ಮುಗಿದ ಮೇಲೆ ರತ್ನಾವತಿ ಬಕೆಟುಗಳ ಗಿಡಗಳನ್ನು ಬೇರುಸಹಿತ ಕಿತ್ತು ಕಸದ ಗಾಡಿಗೆ ಹಾಕಿದಳು. ಜನ ಬರುವುದು ನಿಲ್ಲಲಿಲ್ಲ. ತಮ್ಮ ಸತ್ತದ್ದು ಅವರಿಗೆ ಅವನ ಹಣೆಬರಹ. ತಾವು ಬದುಕಿದ್ದು ಅವಳ ಮದ್ದು. “ಮೊದಲು ರಕ್ತ ಟೆಸ್ಟ್ ಮಾಡ್ಸಿ ಬನ್ನಿ” ಎಂದು ಬಾಗಿಲಲ್ಲೇ ಹೇಳಿ ಕಳಿಸತೊಡಗಿದಳು. ಕೆಲವರು ಗೊಣಗಿದರು. ಕೆಲವರು ಇನ್ನೊಂದು ಬೀದಿಯ ನಾಟಿವೈದ್ಯನನ್ನು ಹುಡುಕಿಕೊಂಡರು. ಕೈಕೂಸನ್ನು ಎತ್ತಿಕೊಂಡು ಬಂದ ಒಬ್ಬ ಬೆಸ್ತರ ಹೆಂಗಸನ್ನು ಅವಳೇ ಬಸ್ಸು ಹತ್ತಿಸಿ, ಆಸ್ಪತ್ರೆಯ ಚೀಟಿ ಮಾಡಿಸಿ, ಸಂಜೆಯವರೆಗೆ ಜೊತೆಯಲ್ಲಿ ಕೂತು ಬಂದಳು. ಅವತ್ತಿನ ಕೆಲಸ ಹೋಯಿತು.

ಮೂರು ತಿಂಗಳವರೆಗೆ ತುಂಗಾ ಅವಳೊಡನೆ ಬೇಕಾದಷ್ಟೇ ಮಾತಾಡಿದಳು. ಒಂದು ಮಧ್ಯಾಹ್ನ ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮಾತ್ರೆಯ ಡಬ್ಬಿ ಇತ್ತು. ಹಾಸಿಗೆ ಬಿಸಿಲಿಗೆ ಹಾಕಲು ಬಂದಿದ್ದ ಸಮೀಕ್ಷಾಳಿಗೆ ಟ್ರಂಕಿನಲ್ಲಿ ಅದು ಸಿಕ್ಕಿತ್ತು.

“ಅತ್ತಿಗೆ, ಒಂದೇ ಒಂದು ಕೇಳ್ತೇನೆ. ಇವರು ಮಾತ್ರೆ ಬಿಟ್ಟದ್ದು ನಿಮಗೆ ಗೊತ್ತಿತ್ತಾ?”

ರತ್ನಾವತಿ ಗೋಡೆಗೆ ಒರಗಿ ಕುಳಿತಿದ್ದಳು. ಆಸ್ಪತ್ರೆಯಲ್ಲಿ ಹೇಳಿದ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅದನ್ನು ನುಂಗಿದಳು.

“ಗೊತ್ತಿತ್ತು.”

“ಕಾಯಿಲೆ ಇದ್ದದ್ದು?”

“ಅದೂ ಗೊತ್ತಿತ್ತು. ಮೊದಲ ದಿನದಿಂದ.”

“ಡಾಕ್ಟ್ರ ಎದುರು ಇಲ್ಲ ಅಂದ್ರಿ.”

“ಹೆದರಿಕೆ ಆಯ್ತು, ತುಂಗಾ. ಬಿಡ್ಲಾ ಅಂತ ಕೇಳಿದ. ಬೇಡ ಅಂತ ಒಂದು ಮಾತು ನನ್ನ ಬಾಯಲ್ಲಿ ಬರ್ಲಿಲ್ಲ. ನನ್ನ ಮದ್ದೇ ಗುಣ ಮಾಡಿತು ಅಂತ ತಿಳ್ಕೊಂಡೆ.”

ತುಂಗಾ ಅಳಲಿಲ್ಲ, ಕೂಗಲಿಲ್ಲ. “ನಂಗೆ ಹೇಳಿದ್ರೆ ನಾ ಬೈತಿದ್ದೆ, ಒಂದು ವಾರ ಮಾತು ಬಿಡ್ತಿದ್ದೆ” ಎಂದಳು. “ಆಮೇಲೆ ದಿನಾ ಮಾತ್ರೆ ನಾನೇ ಕೊಡ್ತಿದ್ದೆ. ಅಷ್ಟೇ ಅಲ್ವಾ ಇದ್ದದ್ದು, ಅತ್ತಿಗೆ?” ಡಬ್ಬಿಯನ್ನು ಮಂಚದ ಮೇಲಿಟ್ಟು ಇಳಿದು ಹೋದಳು.

ಆ ತಿಂಗಳ ಕೊನೆಗೆ ತುಂಗಾ ಮಗಳನ್ನು ಕರೆದುಕೊಂಡು ಚೆನ್ನೈಯ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೋದಳು. ಅಲ್ಲೇ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ರತ್ನಾವತಿ ಬೇಡ ಎನ್ನಲಿಲ್ಲ. ಕೆಳಗಿನ ಮನೆಗೆ ಬೇರೆಯವರು ಬಂದರು. ತುಂಗಾ ಫೋನ್ ಮಾಡುವುದಿಲ್ಲ. ಸಮೀಕ್ಷಾ ಅಮ್ಮನಿಗೆ ತಿಳಿಯದ ಹಾಗೆ ಆಗೊಮ್ಮೆ ಈಗೊಮ್ಮೆ ಮಾಡುತ್ತಾಳೆ. ಹೆಚ್ಚೇನೂ ಇರುವುದಿಲ್ಲ. “ಅತ್ತೈ, ಮಾತ್ತಿರೈ ಪೋಟ್ಟೀಂಗಳಾ?” ಎನ್ನುತ್ತಾಳೆ. “ಮಾತ್ರೆ ಹಾಕ್ಕೊಂಡೆ ಮಗಾ” ಎನ್ನುತ್ತಾಳೆ ರತ್ನಾವತಿ.